ಯುರೋಪಿನ ಮಹಿಳಾ ಹ್ಯಾಂಡ್‌ಬಾಲ್ ಚಾಂಪಿಯನ್ಸ್ ಲೀಗ್ ಬೆಳೆದುಬಂದ ಬಗೆ ಹೇಗೆ?

ಈ ಕ್ಲಬ್ ಪಂದ್ಯಾವಳಿಯು 1960-61ರಲ್ಲಿ ಯುರೋಪಿಯನ್ ಕಪ್ ಎಂಬ ಹೆಸರಿನಲ್ಲಿ ಆರಂಭವಾಯಿತು. ಮೊದಲ ಪ್ರಶಸ್ತಿಯು ರೊಮೇನಿಯಾದ ಬುಕಾರೆಸ್ಟ್ ನಗರದ ತಂಡದ ಪಾಲಾಯಿತು. ಇದರ ಚರಿತ್ರೆಯಲ್ಲಿ ನನ್ನ ದೃಷ್ಟಿಯಲ್ಲಿ ಅತ್ಯಂತ ಗಮನಾರ್ಹವಾದುದು, ಅಂದಿನ ಸೋವಿಯತ್ ಒಕ್ಕೂಟದ ಸ್ಪಾರ್ಟಕ್ ಕೀವ್ ತಂಡವು ಇಗೋರ್ ಟುರ್ಚಿನ್ ಅವರ ತರಬೇತಿಯಲ್ಲಿ 1970ರಿಂದ 1988ರವರೆಗಿನ ಅವಧಿಯಲ್ಲಿ 13 ಬಾರಿ ಗೆದ್ದು ಮೆರೆದ ಪ್ರಾಬಲ್ಯ. ಆ ದಾಖಲೆಯನ್ನು ಯಾವ ತಂಡವೂ ಇನ್ನೂ ಮುರಿದಿಲ್ಲ. ಬಳಿಕ ಆಸ್ಟ್ರಿಯಾದ ಹೈಪೋ ತಂಡವು 2000ದವರೆಗೆ 8 ಪ್ರಶಸ್ತಿಗಳನ್ನು ಗಳಿಸಿತು. ಈ ನಡುವೆ, 1993ರಲ್ಲಿ, ಯುರೋಪಿಯನ್ ಹ್ಯಾಂಡ್‌ಬಾಲ್ ಒಕ್ಕೂಟವು ಹೊಣೆ ವಹಿಸಿಕೊಂಡು ಈಗಿನ ಹೆಸರನ್ನಿಟ್ಟಿತು. 2014ರಿಂದ ಸೆಮಿಫೈನಲ್ ತಲುಪಿದ ನಾಲ್ಕು ತಂಡಗಳು ಬುಡಾಪೆಸ್ಟಿನಲ್ಲಿ ಒಂದೇ ವಾರಾಂತ್ಯದಲ್ಲಿ ಸೆಣಸುತ್ತಿವೆ. ಕೋವಿಡ್ ಕಾರಣದಿಂದ 2020ರಲ್ಲಿ ಯಾರಿಗೂ ಪ್ರಶಸ್ತಿ ದಕ್ಕಲಿಲ್ಲ. ಹಂಗೇರಿಯ ಗ್ಯೋರ್ ತಂಡವು 2017ರಿಂದ 2019ರವರೆಗೆ, ನಾರ್ವೆಯ ವೈಪರ್ಸ್ ತಂಡವು 2021ರಿಂದ 2023ರವರೆಗೆ ಸತತ ಮೂರು ಬಾರಿ ಗೆದ್ದಿವೆ.