ನಾಳೆಯ ಕಾಲಂನಲ್ಲೂ ಗುರುತು ಬಿದ್ದಿತ್ತು

ಶಿರಸಿ ತಾಲೂಕಿನ ಓದುಗರೊಬ್ಬರು ಬರೆದ ಪತ್ರದ ಸಾರಾಂಶ: "ನಾನು ಬೆಂಗಳೂರಿನಲ್ಲಿ ಕೆಲಸದಲ್ಲಿದ್ದೇನೆ. ತೋಟದ ಮನೆಯಲ್ಲಿರುವ ನಮ್ಮ ಆಯಿಗೆ 82 ವರ್ಷ. ಮಳೆಗಾಲದಲ್ಲಿ ಬಚ್ಚಲಲ್ಲಿ ಜಾರಿ ಬಿದ್ದು ಸೊಂಟದ ಮೂಳೆ ಮುರಿಯಿತು. ಶಸ್ತ್ರಚಿಕಿತ್ಸೆಯ ಬಳಿಕ ಏಜೆನ್ಸಿಯ ಮೂಲಕ ಹೋಂ ನರ್ಸ್ ಒಬ್ಬರನ್ನು ಇಟ್ಟೆವು. ದಿನವೂ ವಿಡಿಯೊ ಕರೆಯಲ್ಲಿ ಆಯಿಯ ಮುಖ ನೋಡುತ್ತಿದ್ದೆ. ಮೂರು ವಾರ ಬಿಟ್ಟು ಊರಿಗೆ ಹೋದಾಗ ಆಯಿಯ ಬೆನ್ನಿನ ಕೆಳಗೆ ರೂಪಾಯಿ ನಾಣ್ಯದಷ್ಟು ಅಗಲದ ಹುಣ್ಣು ಕಂಡಿತು. ಈ ವಯಸ್ಸಿಗೆ ಅದೆಲ್ಲ ಸಹಜ ಎಂದರು ಏಜೆನ್ಸಿಯವರು. ಒಳ್ಳೆಯ ಸೇವೆಯನ್ನು ಗುರುತಿಸುವುದು ಹೇಗೆ? ಇದಕ್ಕೆ ಸರ್ಕಾರದ ನಿಯಮ ಇಲ್ಲವೇ? ದೂರವಿದ್ದ ನಮ್ಮದೇ ತಪ್ಪೇ?"

ಪ್ರಿಯ ಸಹೋದರಿ,

ಮೊದಲು ಹುಣ್ಣಿನ ಮಾತು, ಏಕೆಂದರೆ ಅದು ಕಾಯುವುದಿಲ್ಲ. ಹಾಸಿಗೆ ಹುಣ್ಣು ವಯಸ್ಸಿನಿಂದ ಬರುವುದಿಲ್ಲ, ಒಂದೇ ಜಾಗದ ಮೇಲೆ ಮೈಭಾರ ಬಹಳ ಹೊತ್ತು ಬೀಳುವುದರಿಂದ ಬರುತ್ತದೆ. ಭಾರ ಬಿದ್ದಲ್ಲಿ ರಕ್ತ ಹರಿಯದೆ ಚರ್ಮ ಸಾಯುತ್ತದೆ. ಸರಿಯಾದ ಆರೈಕೆ ಇದ್ದರೆ ಬಹುಪಾಲು ತಡೆಯಬಹುದಾದದ್ದನ್ನು ಸಹಜ ಎಂದು ಹೇಳಿ ಕೈತೊಳೆದುಕೊಳ್ಳುವುದು ತಪ್ಪು. ಹುಣ್ಣಿನಿಂದ ವಾಸನೆ ಬರುತ್ತಿದ್ದರೆ, ಅಂಚು ಕಪ್ಪಾಗಿದ್ದರೆ, ಕೀವು ಅಥವಾ ಜ್ವರ ಇದ್ದರೆ ಇವತ್ತೇ ವೈದ್ಯರಿಗೆ ತೋರಿಸಿ. ಸುತ್ತ ಕೆಂಪಾದ ಜಾಗವನ್ನು ತಿಕ್ಕಬೇಡಿ. ಟ್ಯೂಬಿನಂಥ ದುಂಡು ದಿಂಬನ್ನೂ ಇಡಬೇಡಿ, ಅದರ ಅಂಚೇ ಹೊಸ ಒತ್ತಡವಾಗುತ್ತದೆ. ಸಾಮಾನ್ಯವಾಗಿ ಎರಡು ಗಂಟೆಗೊಮ್ಮೆ ಮಗ್ಗಲು ಬದಲಿಸಬೇಕು. ಆದರೆ ಸೊಂಟದ ಶಸ್ತ್ರಚಿಕಿತ್ಸೆ ಆಗಿರುವುದರಿಂದ ಯಾವ ಕಡೆಗೆ, ಎಷ್ಟು ಹೊರಳಿಸಬಹುದು ಎಂಬುದನ್ನು ಮೂಳೆ ವೈದ್ಯರಿಂದಲೇ ಬರೆಸಿಕೊಳ್ಳಿ.

ಇಷ್ಟನ್ನು ಪುಸ್ತಕ ಓದಿ ಕಲಿತವನಲ್ಲ ನಾನು. ಪಾರ್ಶ್ವವಾಯು ಬಡಿದ ಮೇಲೆ ನನ್ನ ತಂದೆ ನಮ್ಮ ಕಾರವಾರದ ಮನೆಯಲ್ಲಿ ಹಾಸಿಗೆ ಹಿಡಿದಿದ್ದರು. ನಮಗೆ ಸಹಾಯಕಿಯನ್ನು ಕಳುಹಿಸಿದ ಏಜೆನ್ಸಿ ಒಂದು ಅಚ್ಚುಕಟ್ಟಾದ ರಿಜಿಸ್ಟರನ್ನೂ ಕೊಟ್ಟಿತ್ತು. ಔಷಧಿ, ಊಟ, ಮೂತ್ರ, ಮಗ್ಗಲು, ಎಲ್ಲಕ್ಕೂ ಒಂದೊಂದು ಕಾಲಂ. ದಿನವೂ ಸಂಜೆ ಪುಟ ತೆರೆದರೆ ಸಾಲಾಗಿ ಟಿಕ್ ಗುರುತು. ನಾನು ನೆಮ್ಮದಿಯಾಗಿದ್ದೆ. ಒಂದು ಶನಿವಾರ ಗಾಳಿಗೆ ಪುಟ ಮಗುಚಿತು. ಭಾನುವಾರದ ಕಾಲಮ್ಮುಗಳಲ್ಲಿ ಆಗಲೇ ಗುರುತು ಬಿದ್ದಿತ್ತು, ಸೋಮವಾರದ್ದರಲ್ಲೂ. ಅದೇ ನೀಲಿ ಪೆನ್ನು, ಅದೇ ಓರೆ.

ಸಿಟ್ಟಿನಿಂದಲೇ ಸಹಾಯಕಿಯನ್ನು ಕೇಳಿದೆ. ಅವರು ಸುಳ್ಳು ಹೇಳಲಿಲ್ಲ. ಬಂದು ಹನ್ನೊಂದು ದಿನವಾಗಿತ್ತು. ಒಂದು ರಾತ್ರಿಯೂ ಸತತ ಮೂರು ಗಂಟೆ ಮಲಗಿರಲಿಲ್ಲ. ನಿದ್ದೆಗಣ್ಣಿನಲ್ಲಿ ಬರೆಯಲಾಗದೆ ಹಗಲಲ್ಲೇ ಎಲ್ಲ ತುಂಬಿಸಿಡುತ್ತಿದ್ದರು. ವಾರಕ್ಕೊಮ್ಮೆ ಬರುವ ಮೇಲ್ವಿಚಾರಕರು ನೋಡುತ್ತಿದ್ದುದು ಪುಟ ತುಂಬಿದೆಯೇ ಎಂಬುದನ್ನು ಮಾತ್ರ, ಅಪ್ಪನ ಬೆನ್ನನ್ನಲ್ಲ. ಆ ರಾತ್ರಿ ಅಪ್ಪನನ್ನು ಹೊರಳಿಸಿ ನೋಡಿದೆ. ಹಿಮ್ಮಡಿಯ ಮೇಲೊಂದು ಕೆಂಪು ಮಚ್ಚೆ ಕಂಡಿತು. ಬೆರಳಿಂದ ಒತ್ತಿದರೆ ಬೆಳ್ಳಗಾಗಲಿಲ್ಲ, ಹಾಗೇ ಉಳಿಯಿತು. ಹಾಸಿಗೆ ಹುಣ್ಣಿನ ಮೊದಲ ಗುರುತೇ ಅದು. ಕಪ್ಪು ಮೈಬಣ್ಣದವರಲ್ಲಿ ಕೆಂಪು ಕಾಣಿಸದು, ಮುಟ್ಟಿದರೆ ಆ ಜಾಗ ಬೆಚ್ಚಗೆ, ಗಟ್ಟಿಯಾಗಿ ಹತ್ತುತ್ತದೆ. ಮೀನಖಂಡದ ಕೆಳಗೆ ದಿಂಬು ಕೊಟ್ಟು ಹಿಮ್ಮಡಿ ತೇಲುವಂತೆ ಮಾಡಿದ ಮೇಲೆ ಕೆಲವು ದಿನಗಳಲ್ಲಿ ಮಾಯವಾಯಿತು.

ಆದ್ದರಿಂದ ಒಳ್ಳೆಯ ಸೇವೆ ಯಾವುದೆಂಬ ನಿಮ್ಮ ಪ್ರಶ್ನೆಗೆ ನನ್ನ ಉತ್ತರ ನಿದ್ದೆಯ ಲೆಕ್ಕದಿಂದ ಶುರುವಾಗುತ್ತದೆ. ರಾತ್ರಿ ಹತ್ತು, ಹನ್ನೆರಡು, ಎರಡು, ನಾಲ್ಕು, ಬೆಳಿಗ್ಗೆ ಆರು. ಇಷ್ಟು ಸಲ ಎದ್ದವರೇ ಹಗಲೆಲ್ಲ ಸ್ನಾನ, ಗಂಜಿ, ಬಟ್ಟೆ, ಔಷಧಿ ನೋಡಬೇಕೆಂದರೆ ಎಷ್ಟು ದಿನ ನಡೆದೀತು? ಇಪ್ಪತ್ನಾಲ್ಕು ಗಂಟೆಗೂ ಒಬ್ಬರನ್ನೇ ಕಳುಹಿಸಿ ಗುಣಮಟ್ಟದ ಮಾತಾಡುವ ಏಜೆನ್ಸಿಯನ್ನು ನಾನು ನಂಬುವುದಿಲ್ಲ. ರಾತ್ರಿಗೆ ಬೇರೆಯವರು ಇದ್ದಾರೆಯೇ, ವಾರದ ರಜೆಯಲ್ಲಿ ಯಾರು ಬರುತ್ತಾರೆ, ನೀವು ಕೊಡುವ ಹಣದಲ್ಲಿ ಅವರ ಕೈಗೆ ಎಷ್ಟು ಸೇರುತ್ತದೆ, ಇವನ್ನು ಸಂಕೋಚವಿಲ್ಲದೆ ಕೇಳಿ. ಇಬ್ಬರನ್ನು ಇಡುವ ಶಕ್ತಿ ಇಲ್ಲದಿದ್ದರೆ ರಾತ್ರಿಯ ಒಂದೆರಡು ಸರದಿಯನ್ನು ಮನೆಯವರೋ ನೆಂಟರೋ ಹೊರಲೇಬೇಕಾಗುತ್ತದೆ. ಅಡಿಕೆಯ ಕೊನೆಕೊಯ್ಲಿನ ಸಮಯದಲ್ಲಿ ಊರಲ್ಲಿ ಯಾರೂ ಸಿಗುವುದಿಲ್ಲ, ನಮ್ಮ ಕಡೆಯ ಆ ಕಷ್ಟ ನನಗೆ ಗೊತ್ತು. ಅದಕ್ಕೇ ಈಗಲೇ ಮಾತಾಡಿಡಿ.

ಇನ್ನು ಹೋಂ ನರ್ಸ್ ಎಂಬ ಹೆಸರು. ನಮ್ಮಲ್ಲಿ ಹಾಗೆ ಕರೆಸಿಕೊಳ್ಳುವವರಲ್ಲಿ ಬಹಳ ಮಂದಿ ನರ್ಸ್‌ಗಳಲ್ಲ, ಆರೈಕೆ ಸಹಾಯಕರು. ಅದು ಗೌರವದ ಕೆಲಸ, ಆದರೆ ಬೇರೆ ಕೆಲಸ. ನರ್ಸಿಂಗ್ ಕೋರ್ಸುಗಳಲ್ಲಿ ಜಿಎನ್‌ಎಂ ಮೂರು ವರ್ಷದ ಓದು, ಎಎನ್‌ಎಂ ಎರಡು ವರ್ಷದ್ದು, ಎರಡಕ್ಕೂ ಕರ್ನಾಟಕ ರಾಜ್ಯ ಶುಶ್ರೂಷಾ ಪರಿಷತ್ತಿನ ನೋಂದಣಿ ಬೇಕು. ಇಂಜೆಕ್ಷನ್, ಮೂತ್ರದ ಕ್ಯಾತಿಟರ್ (ನಳಿಕೆ) ಬದಲಾವಣೆ, ಹುಣ್ಣಿನ ಡ್ರೆಸ್ಸಿಂಗ್ ಬೇಕಿದ್ದರೆ ನೋಂದಣಿ ಸಂಖ್ಯೆ ಕೇಳಿ ಪಡೆಯಿರಿ. ಸಹಾಯಕರೇ ಆಗಿದ್ದರೆ ಕಾಗದಕ್ಕಿಂತ ಕೈಯನ್ನು ನೋಡಿ. ಆಯಿಯನ್ನು ಹೊರಳಿಸುವಾಗ ಎಳೆಯುತ್ತಾರೋ, ಹಾಸಿದ ಬಟ್ಟೆಯ ಸಮೇತ ಎತ್ತಿ ಸರಿಸುತ್ತಾರೋ? ಎಳೆದರೆ ಚರ್ಮ ಕಿತ್ತುಬರುತ್ತದೆ. ಗಂಜಿ ಕುಡಿಸುವ ಮೊದಲು ಎಬ್ಬಿಸಿ ಕೂರಿಸುತ್ತಾರೋ, ಕುಡಿಸಿದ ಮೇಲೆ ಅರ್ಧ ಗಂಟೆ ಹಾಗೇ ಇರಿಸುತ್ತಾರೋ? ಮಲಗಿಸಿಯೇ ಕುಡಿಸಿದರೆ ಅದು ಶ್ವಾಸಕ್ಕೆ ಹೋಗುವ ಅಪಾಯವಿದೆ.

ಸರ್ಕಾರದ ನಿಯಮದ ಬಗ್ಗೆ ನೇರವಾಗಿ ಹೇಳುತ್ತೇನೆ. ಹಿರಿಯ ನಾಗರಿಕರ 2007ರ ಕಾಯ್ದೆಯಲ್ಲಿ ಮಕ್ಕಳಿಂದ ಜೀವನಾಂಶ ಕೊಡಿಸಲು ದಾರಿಯಿದೆ. ಮನೆಗೆ ಬಂದು ಆರೈಕೆ ಮಾಡುವ ಏಜೆನ್ಸಿಗಳ ನೋಂದಣಿ, ಕನಿಷ್ಠ ಗುಣಮಟ್ಟ, ಸಿಬ್ಬಂದಿಯ ತರಬೇತಿ ಇವನ್ನು ಕಾಯ್ದೆಯೊಳಗೆ ತರಲು 2019ರ ಡಿಸೆಂಬರ್‌ನಲ್ಲಿ ಲೋಕಸಭೆಯಲ್ಲಿ ತಿದ್ದುಪಡಿ ಮಸೂದೆ ಮಂಡನೆಯಾಯಿತು. ಅದು ಕಾಯ್ದೆಯಾಗಲಿಲ್ಲ. ಹಿರಿಯರ ವಿಷಯದಲ್ಲಿ ಇದೊಂದು ದೊಡ್ಡ ಅನ್ಯಾಯವೆಂದೇ ನಾನು ಭಾವಿಸಿದ್ದೇನೆ. ಆದರೆ ನೀವು ನಿರುಪಾಯರಲ್ಲ. ಹಣ ಕೊಟ್ಟು ಪಡೆದ ಸೇವೆಯಲ್ಲಿ ಲೋಪವಾದರೆ ಗ್ರಾಹಕ ಸಂರಕ್ಷಣಾ ಕಾಯ್ದೆ 2019ರ ಅಡಿ ಎರಡು ವರ್ಷದೊಳಗೆ ಜಿಲ್ಲಾ ಗ್ರಾಹಕ ಆಯೋಗಕ್ಕೆ ದೂರು ಕೊಡಬಹುದು. ರಸೀದಿ, ಏಜೆನ್ಸಿಯ ಸಂದೇಶಗಳು, ಹುಣ್ಣಿನ ದಿನಾಂಕವಿರುವ ಫೋಟೋಗಳನ್ನು ತೆಗೆದಿಡಿ. ಹಿರಿಯರ ಸಹಾಯವಾಣಿ 14567ಕ್ಕೆ ಕರೆ ಮಾಡಿ ಸಲಹೆಯನ್ನೂ ಕೇಳಿ.

ಏರ್ ಬೆಡ್ ತರುವ ಯೋಚನೆ ಇದ್ದರೆ ಒಂದು ಎಚ್ಚರಿಕೆ. ಅದರ ಪಂಪ್ ಕರೆಂಟಿನಿಂದ ಓಡುತ್ತದೆ. ಮಲೆನಾಡಿನ ಮಳೆಗಾಲದಲ್ಲಿ ಮರ ಬಿದ್ದು ಎರಡು ದಿನ ಕರೆಂಟು ಹೋದರೆ ಹಾಸಿಗೆಯ ಗಾಳಿ ಇಳಿಯುತ್ತದೆ. ಇನ್ವರ್ಟರ್ ಇಡಿ, ಅದಿದ್ದರೂ ಮಗ್ಗಲು ಬದಲಿಸುವುದನ್ನು ಬಿಡಬೇಡಿ. ಬಚ್ಚಲಿನ ಕಲ್ಲಿನ ಪಾಚಿಯನ್ನು ಉಜ್ಜಿಸಿ, ಗೋಡೆಗೆ ಹಿಡಿಕೆ ಹಾಕಿಸಿ. ಆಯಿ ಮತ್ತೆ ನಡೆಯುವ ದಿನಕ್ಕೆ ಅದು ಸಿದ್ಧವಿರಲಿ.

ದೂರವಿದ್ದ ನಮ್ಮದೇ ತಪ್ಪೇ ಎಂದು ಕೇಳಿದ್ದೀರಿ. ಹುಣ್ಣಾದದ್ದು ನಿಮ್ಮ ತಪ್ಪಲ್ಲ. ಮೂರು ವಾರ ದಿನವೂ ವಿಡಿಯೊ ಕರೆಯಲ್ಲಿ ಆಯಿಯ ಮುಖ ನೋಡಿದ್ದಾಗಿ ಬರೆದಿದ್ದೀರಿ. ಇನ್ನು ಮುಂದೆ ವಾರಕ್ಕೆರಡು ಸಲ ನಂಬಿಕೆಯ ಹೆಣ್ಣುಮಗಳೊಬ್ಬರು ಆಯಿಯ ಬೆನ್ನು, ಸೊಂಟ, ಹಿಮ್ಮಡಿ ನೋಡಿ ನಿಮಗೆ ಹೇಳಲಿ. ಮುಂದಿನ ಸಲ ರಾತ್ರಿ ಬಸ್ಸಿಳಿದು ಮನೆ ಸೇರಿದಾಗ ಸಹಾಯಕಿಯನ್ನು ಒಂದು ತಾಸು ಮಲಗಲು ಕಳುಹಿಸಿ, ಬಾಗಿಲು ಮುಂದೆ ಮಾಡಿ, ಆಯಿಯ ಪಕ್ಕ ಕುಳಿತು ರಾತ್ರಿ ಹೇಗೆ ಕಳೆಯುತ್ತದೆ ಎಂದು ಆಯಿಯನ್ನೇ ಕೇಳಿ.