ದೇವಿಮನೆ ಘಾಟಿಗೆ ಝೆನ್ ಸರಿಯೋ, ಸ್ಯಾಂಟ್ರೊ ಸರಿಯೋ?

ಪ್ರಶ್ನೆ: ನಾನು ಶಿರಸಿಯವನು. 2004ರ ಮಾರುತಿ ಝೆನ್, 2007ರ ಹ್ಯುಂಡೈ ಸ್ಯಾಂಟ್ರೊ ಝಿಂಗ್ ಎರಡೂ ಹೆಚ್ಚುಕಡಿಮೆ ಒಂದೇ ಬೆಲೆಗೆ ಸಿಗುತ್ತಿವೆ. ಎರಡೂ ಪೆಟ್ರೋಲ್. ವಯಸ್ಸಾದ ಅಪ್ಪ ಅಮ್ಮನನ್ನು ಕರೆದುಕೊಂಡು ಆಗಾಗ ದೇವಿಮನೆ ಘಾಟಿ ಇಳಿದು ಕುಮಟಾಕ್ಕೆ ಹೋಗಿಬರಬೇಕು. ಪವರ್ ಎರಡರದ್ದೂ ಸಮ, ತೂಕ ಮಾತ್ರ ಝೆನ್‌ನದ್ದು ಕಡಿಮೆ. ಅಂದಮೇಲೆ ಘಾಟಿಯಲ್ಲಿ ಝೆನ್ನೇ ಚೆನ್ನಾಗಿ ಹತ್ತಬೇಕು ಅಲ್ವಾ?

ಉತ್ತರ: ನೀವು ಒಬ್ಬರೇ ಹೋಗುವುದಾದರೆ, ಗೇರ್ ಬದಲಿಸಲು ಬೇಜಾರಿಲ್ಲದಿದ್ದರೆ, ಹೌದು. ನಿಮ್ಮ ಮನೆಯ ಲೆಕ್ಕಕ್ಕೆ ಮಾತ್ರ ಅಲ್ಲ.

ಝೆನ್‌ನದ್ದು 993 ಸಿಸಿ ಎಂಜಿನ್, ಪವರ್ 60 ಬಿಎಚ್‌ಪಿ. ಸ್ಯಾಂಟ್ರೊ ಝಿಂಗ್‌ನದ್ದು 1086 ಸಿಸಿ, ಪವರ್ ಅದಕ್ಕಿಂತ ಎರಡು ಮೂರು ಬಿಎಚ್‌ಪಿ ಜಾಸ್ತಿ ಅಷ್ಟೆ. ತೂಕ ಝೆನ್‌ಗೆ ಸುಮಾರು 765 ಕೆ.ಜಿ., ಸ್ಯಾಂಟ್ರೊಗೆ 850ರ ಆಸುಪಾಸು. ಕಾಗದದ ಮೇಲೆ ನಿಮ್ಮ ಲೆಕ್ಕ ಸರಿಯೇ. ಆದರೆ ಆ 60 ಬಿಎಚ್‌ಪಿ ಸಿಗುವುದು 6000 ಆರ್‌ಪಿಎಮ್‌ನಲ್ಲಿ, ಅಂದರೆ ಎಂಜಿನ್ ನಿಮಿಷಕ್ಕೆ 6000 ಸುತ್ತು ತಿರುಗಿದಾಗ. ಘಾಟಿಯಲ್ಲಿ ಯಾರು ಅಷ್ಟು ಎಂಜಿನ್ ಕೂಗಿಸುತ್ತಾರೆ? ಏರಿನಲ್ಲಿ ನೋಡಬೇಕಾದ್ದು ಟಾರ್ಕ್, ಅಂದರೆ ಎಳೆತ. ಝೆನ್‌ನ ಪೂರ್ತಿ ಎಳೆತ ಬರುವುದು 4500 ಆರ್‌ಪಿಎಮ್‌ಗೆ. ಸ್ಯಾಂಟ್ರೊ ಅದಕ್ಕಿಂತ ಜಾಸ್ತಿ ಎಳೆತವನ್ನು 3000ಕ್ಕೇ ಕೊಡುತ್ತದೆ.

ಒಂದು ತಿರುವನ್ನು ಯೋಚಿಸಿ. ಮುಂದೆ ಲೋಡ್ ಲಾರಿ, ಕಾರಿನಲ್ಲಿ ನಾಲ್ಕು ಜನ, ಎಸಿ ಆನ್. ವೇಗ 20ಕ್ಕೆ ಇಳಿದಿದೆ. ಲಾರಿ ಪಕ್ಕಕ್ಕೆ ಸರಿದು ದಾರಿ ಕೊಟ್ಟ. ಝೆನ್‌ನಲ್ಲಿ ಸೆಕೆಂಡ್ ಗೇರ್‌ನಲ್ಲಿ ಆಕ್ಸಿಲರೇಟರ್ ಒತ್ತಿದರೆ ಮೊದಲು ಗೊಣಗುತ್ತದೆ. ಫಸ್ಟ್‌ಗೆ ಇಳಿಸಬೇಕು, ಇಲ್ಲವೇ ಎಸಿ ಬಂದ್ ಮಾಡಬೇಕು. ಸ್ಯಾಂಟ್ರೊ ಅದೇ ಸೆಕೆಂಡ್‌ನಲ್ಲೇ ಸುಮ್ನೆ ಎಳೆದುಕೊಂಡು ಹೋಗುತ್ತದೆ. ಇಳಿಯುವಾಗ ಕಥೆ ಉಲ್ಟಾ. ಝೆನ್ ತಗ್ಗಿನ ಕಾರು, ತಿರುವಿನಲ್ಲಿ ನೆಲಕ್ಕೆ ಅಂಟಿಕೊಂಡಂತೆ ಹೋಗುತ್ತದೆ, ಸ್ಟೇರಿಂಗ್ ಹಿಡಿದವರಿಗೆ ಖುಷಿ. ಸ್ಯಾಂಟ್ರೊ ವಾಲುತ್ತದೆ, ಹಿಂದೆ ಕೂತವರಿಗೆ ಅದು ಗೊತ್ತಾಗುತ್ತದೆ. ನಿಧಾನಕ್ಕೆ ಇಳಿಸಿ.

ಆದರೆ ಅಪ್ಪ ಅಮ್ಮ ಅಂದಿರಲ್ಲ, ನನ್ನ ಪ್ರಕಾರ ಅಲ್ಲೇ ತೀರ್ಮಾನವಾಯಿತು. ಸ್ಯಾಂಟ್ರೊ 1590 ಮಿ.ಮೀ. ಎತ್ತರ, ಝೆನ್ ಅದಕ್ಕಿಂತ ಹತ್ತಿರ ಹತ್ತಿರ ಒಂದು ಗೇಣು ಗಿಡ್ಡ. ಮಂಡಿನೋವು ಇರುವವರು ಝೆನ್‌ನೊಳಗೆ ಇಳಿಯಬೇಕು, ಹೊರಗೆ ಏಳಬೇಕು. ಸ್ಯಾಂಟ್ರೊದಲ್ಲಿ ಪಕ್ಕಕ್ಕೆ ಸರಿದು ಕೂತರೆ ಸಾಕು. 1998ರಲ್ಲಿ ಆ ಕಾರು ಬಂದಾಗ ಅದರ ಉದ್ದ ಕತ್ತು ನೋಡಿ ನಕ್ಕವರೇ ಜಾಸ್ತಿ. ಆಮೇಲೆ ಅವರಲ್ಲೇ ಎಷ್ಟೋ ಜನ ಕೊಂಡರು.

ಮೈಲೇಜ್ ವ್ಯತ್ಯಾಸಕ್ಕೆ ತಲೆ ಕೆಡಿಸಿಕೊಳ್ಳಬೇಡಿ. ಈ ವಯಸ್ಸಿನ ಕಾರಿನಲ್ಲಿ ಅದು ಟ್ಯೂನಿಂಗ್ ಮೇಲೆ ನಿಂತಿರುತ್ತದೆ. ಬಿಡಿಭಾಗದ ವಿಷಯದಲ್ಲಿ ಸ್ಯಾಂಟ್ರೊಗೆ ಒಂದು ಅನುಕೂಲವಿದೆ. ಹಳೆ ಝೆನ್ 2006ಕ್ಕೇ ನಿಂತಿತು, ಝಿಂಗ್ 2014ರವರೆಗೆ ತಯಾರಾಯಿತು. ಇನ್ನು, 2025ರ ಆಗಸ್ಟ್‌ನಿಂದ 20 ವರ್ಷ ದಾಟಿದ ಕಾರಿನ ನೋಂದಣಿ ನವೀಕರಣಕ್ಕೆ ಶುಲ್ಕ 10,000 ರೂಪಾಯಿ. ಅದಕ್ಕಿಂತ ಹೊಸತಾದರೆ 5,000. ಹಸಿರು ತೆರಿಗೆ ಬೇರೆ. ಆರ್‌ಸಿ ಯಾವಾಗ ಮುಗಿಯುತ್ತದೆ ಅಂತ ಮೊದಲೇ ನೋಡಿಕೊಂಡು ಚೌಕಾಸಿ ಮಾಡಿ.

ಇಷ್ಟಾದರೂ ಝೆನ್ ಮೇಲೇ ಮನಸ್ಸು ಇದ್ದರೆ (ನನಗೊಬ್ಬನಿಗೇ ಆಗಿದ್ದರೆ ನಾನೂ ಅದನ್ನೇ ತೆಗೆದುಕೊಳ್ಳುತ್ತಿದ್ದೆ), ಎಂಜಿನ್ ಆಯಿಲ್ ಮುಚ್ಚಳ ತೆಗೆದು ಒಳಬದಿ ನೋಡಿ. ಕಾಫಿ ನೊರೆಯಂಥ ಬಿಳಿಚು ಜಿಡ್ಡು ಅಂಟಿದ್ದರೆ ಎಂಜಿನ್ ತಂಪಿಡುವ ಕೂಲಂಟ್ ದ್ರವ ಆಯಿಲ್‌ಗೆ ಸೇರುತ್ತಿರಬಹುದು. ಅದು ಪೂರ್ತಿ ಅಲ್ಯೂಮಿನಿಯಂ ಎಂಜಿನ್, ಒಮ್ಮೆ ಅತಿಯಾಗಿ ಬಿಸಿಯಾಗಿ ಹೆಡ್ (ಎಂಜಿನ್‌ನ ಮೇಲ್ಭಾಗ) ಸೊಟ್ಟಗಾದರೆ ಖರ್ಚು ಮುಗಿಯುವುದಿಲ್ಲ.

ಎರಡರಲ್ಲಿ ಯಾವುದೇ ಆದರೂ ಟೈಮಿಂಗ್ ಬೆಲ್ಟ್ ಬದಲಿಸಿದ ಬಿಲ್ ಕೇಳಿ. ಬಿಲ್ ಇಲ್ಲದಿದ್ದರೆ ಬೆಲ್ಟ್ ಹಳೆಯದು ಎಂದೇ ತಿಳಿದು ಮೊದಲು ಅದನ್ನು ಹಾಕಿಸಿ. ಶೇ. 20 ಎಥನಾಲ್ ಬೆರೆಸಿದ ಈಗಿನ ಇ20 ಪೆಟ್ರೋಲ್‌ಗೆಂದು ಈ ಕಾರುಗಳನ್ನು ಮಾಡಿಲ್ಲ, ಇಂಧನದ ರಬ್ಬರ್ ಪೈಪ್‌ಗಳನ್ನೂ ಜೊತೆಗೇ ಬದಲಿಸಿಬಿಡಿ. ಕಾರು ಕರಾವಳಿಯಲ್ಲಿ ಓಡಿದ್ದಾದರೆ ಮ್ಯಾಟ್ ಎತ್ತಿ ತಳದ ತಗಡನ್ನು ಬೆರಳಿನಿಂದ ಒತ್ತಿ ನೋಡಿ. ಒಳಗೆ ಹೋದರೆ ಅಲ್ಲಿಂದಲೇ ವಾಪಸ್ ಬನ್ನಿ.