ಮುಟ್ಟಿನ ಮಾತು ಮೊಮ್ಮಗಳಿಗೆ ಬೇಡವೇ?

ಹಾಸನದಿಂದ ನಿವೃತ್ತ ಮೇಷ್ಟ್ರೊಬ್ಬರು ಬರೆದಿದ್ದಾರೆ: ‘ಏಪ್ರಿಲ್ 17ರ ಹಿಮೋಫಿಲಿಯಾ ದಿನದ ಲೇಖನ ಚೆನ್ನಾಗಿತ್ತು. ಆದರೆ ಅದು ಗಂಡುಮಕ್ಕಳ ಕಾಯಿಲೆ. ನಡುವೆ ಮುಟ್ಟಿನ ವಿಷಯ ಯಾಕೆ ತಂದಿರಿ? ನನ್ನ ಮೊಮ್ಮಗಳೂ ಪತ್ರಿಕೆ ಓದುತ್ತಾಳೆ.’

ಮೇಷ್ಟ್ರೇ, ಲೇಖನ ಪೂರ್ತಿ ಓದಿ ಕಾಗದ ಬರೆದಿದ್ದೀರಿ, ಸಂತೋಷ. ಹಿಮೋಫಿಲಿಯಾ ಹೆಚ್ಚಾಗಿ ಕಾಡುವುದು ಗಂಡುಮಕ್ಕಳನ್ನೇ, ಅದು ಸರಿ. ಆದರೆ ರಕ್ತ ಬೇಗ ಹೆಪ್ಪುಗಟ್ಟದ ಕಾಯಿಲೆ ಅದೊಂದೇ ಅಲ್ಲ. ವಾನ್ ವಿಲ್ಲೆಬ್ರಾಂಡ್ ಅಂತ ಇನ್ನೊಂದಿದೆ. ಅಪ್ಪನಿಂದಲೂ ಬರುತ್ತೆ, ಅಮ್ಮನಿಂದಲೂ ಬರುತ್ತೆ, ಮಗನಿಗೂ ಮಗಳಿಗೂ ಬರುತ್ತೆ. ಫಿನ್ಲೆಂಡಿನ ಡಾಕ್ಟರೊಬ್ಬರು 1926ರಲ್ಲಿ ಅದರ ಬಗ್ಗೆ ಮೊದಲು ಬರೆದದ್ದು ಒಬ್ಬ ಪುಟ್ಟ ಹುಡುಗಿಯನ್ನು ಪರೀಕ್ಷಿಸಿದ ಮೇಲೆ. ಆ ಮಗು ದೊಡ್ಡವಳಾಗಿ, 13ನೇ ವಯಸ್ಸಿನಲ್ಲಿ, ನಾಲ್ಕನೇ ಮುಟ್ಟಿನಲ್ಲಿ ರಕ್ತ ನಿಲ್ಲದೆ ತೀರಿಕೊಂಡಳು. ಇದರಿಂದ ಮುಟ್ಟನ್ನು ಹೇಗೆ ತೆಗೆದುಹಾಕಲಿ, ಹೇಳಿ?

ನಮ್ಮ ಚಿಕ್ಕಮ್ಮನ ಮಗಳು ಹಲ್ಲು ಕೀಳಿಸಿಕೊಂಡು ಬಂದ ರಾತ್ರಿ ಇನ್ನೂ ಕಣ್ಣಿಗೆ ಕಟ್ಟಿದಂತಿದೆ. ಹತ್ತಿ ಎಷ್ಟು ಸಲ ಬದಲಾಯಿಸಿದರೂ ನೆನೆದು ಕೆಂಪಾಗ್ತಿತ್ತು, ಬೆಳಗ್ಗೆ ದಿಂಬಿನ ಕವರು ಒಣಗಿ ರಟ್ಟಿನ ಥರ ಆಗಿತ್ತು. ತಿಂಗಳು ತಿಂಗಳೂ ಹತ್ತು ದಿನ ಮುಟ್ಟು ಬೇರೆ. ಮೈ ಉಷ್ಣ ಅಂತ ಎಳನೀರು ಕುಡಿಸಿದರು. ‘ನನಗೂ ಹಾಗೇ ಆಗ್ತಿತ್ತು ಬಿಡೇ’ ಅಂದುಬಿಟ್ಟರು ಚಿಕ್ಕಮ್ಮ. ಇದು ತಾಯಿಯಿಂದ ಮಗಳಿಗೆ ಬಂದದ್ದು ಅನ್ನುವ ಸುಳಿವು ಆ ಮಾತಿನಲ್ಲೇ ಇತ್ತು, ಯಾರಿಗೂ ಹೊಳೆಯಲಿಲ್ಲ. ರಕ್ತ ಕಡಿಮೆ ಅಂತ ಕಬ್ಬಿಣದ ಮಾತ್ರೆ ಕೊಟ್ಟವರೂ ಆ ರಕ್ತ ಎಲ್ಲಿ ಹೋಗ್ತಿದೆ ಅಂತ ಕೇಳಲಿಲ್ಲ. ಕಾಯಿಲೆಯ ಹೆಸರು ಗೊತ್ತಾಗುವಾಗ ಅವಳಿಗೆ 34.

ಗಂಡುಮಗುವಿಗೆ ಹಿಮೋಫಿಲಿಯಾ ಬಂದರೆ ‘ತಾಯಿ ಕಡೆಯಿಂದ ಬಂದದ್ದು’ ಅಂತ ಸೊಸೆಯನ್ನು ಹಂಗಿಸೋಕೆ ಬಾಯಿ ಬರುತ್ತೆ (ಸುಮಾರು ಮೂರರಲ್ಲೊಂದು ಮಗುವಿನ ಮನೆತನದಲ್ಲಿ ಹಿಂದೆ ಯಾರಿಗೂ ಅದು ಇರುವುದೇ ಇಲ್ಲ). ಅದೇ ಸೊಸೆಗೆ ರಕ್ತ ನಿಲ್ಲದಿದ್ದರೆ ಎಲ್ಲರೂ ಸುಮ್ಮನೆ. ಟಿವಿಯ ಪ್ಯಾಡ್ ಜಾಹೀರಾತಿನಲ್ಲಿ ಎಷ್ಟೋ ವರ್ಷ ನೀಲಿ ನೀರು ಸುರಿದರು, ಅಲ್ವಾ? ದಾವಣಗೆರೆಯ ಡಾ. ಸುರೇಶ್ ಹನಗವಾಡಿಯವರು ಸ್ವತಃ ಹಿಮೋಫಿಲಿಯಾ ಇರುವ ವೈದ್ಯರು. ಅವರಂಥವರು ಮುಚ್ಚಿಡದೆ ಮಾತಾಡಿದ್ದರಿಂದಲೇ ರಕ್ತ ಹೆಪ್ಪುಗಟ್ಟಿಸುವ ಫ್ಯಾಕ್ಟರ್ ಇಂಜೆಕ್ಷನ್ ಒಂದಿದೆ ಅಂತ ಎಷ್ಟೋ ಮನೆಗಳಿಗೆ ಗೊತ್ತಾದದ್ದು. ಹೆಣ್ಣುಮಕ್ಕಳ ವಿಷಯದಲ್ಲಿ ಮಾತ್ರ ಬಾಯಿ ಮುಚ್ಚಿಕೊಂಡಿರಬೇಕೇ?

ಏಳು ದಿನ ದಾಟುವ ಮುಟ್ಟು, ಗಂಟೆಗೊಂದು ಪ್ಯಾಡ್, ಹತ್ತು ನಿಮಿಷ ಒತ್ತಿ ಹಿಡಿದರೂ ನಿಲ್ಲದ ಮೂಗಿನ ರಕ್ತ. ಇದನ್ನೆಲ್ಲ ನಿಮ್ಮ ಮೊಮ್ಮಗಳಂಥವರು ಓದಲಿ ಅಂತಲೇ ಬರೆಸಿದ್ದು. ಆ ಸಂಚಿಕೆ ಅವಳ ಕೈಗೆ ಕೊಡಿ. ನಿಮಗೆ ಮುಜುಗರ ಆದರೆ, ‘ನಿನಗೂ ಹೀಗೇನಾದರೂ ಆಗುತ್ತಾ?’ ಅಂತ ಅವಳ ಅಜ್ಜಿಯ ಕೈಲಿ ಕೇಳಿಸಿ.